ಬಾಕಿ 13 ರೂಪಾಯಿ

ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಉದ್ದರಿ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದಾರೆ. ಬಾಕಿ 240 ರೂಪಾಯಿ. ಬೆಂಗಳೂರು ಕ್ಲಬ್ಬಿನಲ್ಲೂ ಒಂದು ಪುಸ್ತಕ ಇದೆ, 1899ರದ್ದು. ಅದರಲ್ಲಿ ವಸೂಲಾಗದ ಬಾಕಿಯ ಪಟ್ಟಿ. ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್, 13 ರೂಪಾಯಿ. ಅಂದರೆ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್. ಅದಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿ, ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ. ನನ್ನ ಬಾಕಿಗೆ ಯಾರೂ ಗಾಜು ಹಾಕಿಸಿಲ್ಲ.

1896ರಲ್ಲಿ ಕುದುರೆ ಪಡೆಯ ಜೊತೆ ಬೆಂಗಳೂರಿಗೆ ಬಂದ ಸಾಹೇಬರು ಪೋಲೋ ಆಡಿದರು, ಗುಲಾಬಿ ಬೆಳೆಸಿದರು, ಚಿಟ್ಟೆ ಹಿಡಿದರು. ಹೊರಡುವಾಗ ಲೆಕ್ಕ ಚುಕ್ತಾ ಮಾಡಲಿಲ್ಲ. ಇಂಥವರು ಆಮೇಲೆ ಎಲ್ಲಿಗೆ ಹೋಗುತ್ತಾರೆ? ಪಾರ್ಲಿಮೆಂಟಿಗೆ.

1900ರಲ್ಲಿ ಓಲ್ಡ್‌ಹ್ಯಾಮ್‌ನಿಂದ ಕನ್ಸರ್ವೇಟಿವ್ ಸಂಸದರಾದರು. 1904ರ ಮೇ 31ರಂದು ಸದನಕ್ಕೆ ಬಂದವರು ಸ್ಪೀಕರ್‌ಗೆ ತಲೆಬಾಗಿ, ಸೀದಾ ವಿರೋಧ ಪಕ್ಷದ ಸಾಲಿಗೆ ಹೋಗಿ ಲಿಬರಲ್ ಪಕ್ಷದ ಲಾಯ್ಡ್ ಜಾರ್ಜ್ ಪಕ್ಕ ಕೂತುಬಿಟ್ಟರು. ರೆಸಾರ್ಟ್ ಇಲ್ಲ, ವಿಶೇಷ ವಿಮಾನ ಇಲ್ಲ. ನಾಲ್ಕು ಹೆಜ್ಜೆ, ಲಿಬರಲ್ ಆದರು! ವಿದೇಶಿ ಮಾಲಿಗೆ ಸುಂಕ ಹಾಕಬೇಕೆಂದು ಅವರ ಹಳೇ ಪಕ್ಷದ ದೊಡ್ಡವರು ಹೊರಟಿದ್ದರು, ಇವರಿಗೆ ಮುಕ್ತ ವ್ಯಾಪಾರವೇ ಬೇಕಿತ್ತು. ಸುಳ್ಳು ಹೇಳಬಾರದು, ಕಾರಣ ಅಸಲಿಯೇ. ಟೈಮಿಂಗ್ ಇನ್ನೂ ಅಸಲಿ. 1905ರ ಡಿಸೆಂಬರಿಗೆ ಕಿರಿಯ ಸಚಿವರು, 1908ಕ್ಕೆ ಕ್ಯಾಬಿನೆಟ್.

1922ರಲ್ಲಿ ಗಾಳಿ ತಿರುಗಿತು. ಡಂಡೀ ಕ್ಷೇತ್ರದ ಜನ ಇವರನ್ನು ಸೋಲಿಸಿದರು. ಗೆದ್ದವರು ಯಾರು ಗೊತ್ತಾ? ಎಡ್ವಿನ್ ಸ್ಕ್ರಿಮ್ಜರ್, ಪಾನನಿಷೇಧ ಪಕ್ಷದವರು. ಶಾಂಪೇನ್ ಇಲ್ಲದೆ ಊಟ ಇಳಿಯದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ? ಅದೇ ಸಮಯಕ್ಕೆ ಅಪೆಂಡಿಕ್ಸ್ ಆಪರೇಷನ್ ಬೇರೆ. ಖಾತೆ ಹೋಯ್ತು, ಸೀಟು ಹೋಯ್ತು, ಪಕ್ಷ ಹೋಯ್ತು, ಅಪೆಂಡಿಕ್ಸೂ ಹೋಯ್ತು ಅಂತ ಅವರೇ ನಕ್ಕರು.

1923ರಲ್ಲಿ ಲೆಸ್ಟರ್‌ನಲ್ಲಿ ಲಿಬರಲ್ ಆಗಿ ಸೋಲು. 1924ರ ಮಾರ್ಚ್‌ನಲ್ಲಿ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸ್ವತಂತ್ರರಾಗಿ ಸೋಲು, ಬರೀ 43 ಮತದಲ್ಲಿ. ಅಕ್ಟೋಬರ್‌ನಲ್ಲಿ ಎಪ್ಪಿಂಗ್‌ನಲ್ಲಿ ‘ಕಾನ್‌ಸ್ಟಿಟ್ಯೂಷನಲಿಸ್ಟ್’ ಅನ್ನೋ ಹೊಸ ಬೋರ್ಡು, ಹಿಂದಿನಿಂದ ಕನ್ಸರ್ವೇಟಿವ್ ಬೆಂಬಲ. ಗೆದ್ದರು. 1925ರ ಹೊತ್ತಿಗೆ ಬೋರ್ಡೂ ಇಲ್ಲ, ಹಳೇ ಗಂಡನ ಪಾದವೇ ಗತಿ. ಪಕ್ಷ ಬಿಡೋದು ಯಾರಿಗಾದರೂ ಬರುತ್ತೆ, ಬಿಟ್ಟ ಪಕ್ಷಕ್ಕೇ ವಾಪಸ್ ಬರೋಕೆ ಚಾಲಾಕಿತನ ಬೇಕು ಅನ್ನೋ ಮಾತು ಇವತ್ತಿಗೂ ಅವರ ಹೆಸರಿನಲ್ಲೇ ಓಡಾಡುತ್ತಿದೆ. ನಮ್ಮವರು ಇನ್ನೂ ‘ಉಸಿರುಗಟ್ಟಿಸುವ ವಾತಾವರಣ’ದಲ್ಲೇ ಇದ್ದಾರೆ ಪಾಪ.

ವಾಪಸ್ ಬಂದವರಿಗೆ ಪ್ರಧಾನಿ ಬಾಲ್ಡ್‌ವಿನ್ ಕೊಟ್ಟಿದ್ದು ಏನು? ಹಣಕಾಸು ಖಾತೆ! 1886ರಲ್ಲಿ ಅಪ್ಪ ಅದೇ ಹುದ್ದೆಯಲ್ಲಿದ್ದಾಗ ಹಾಕಿದ ನಿಲುವಂಗಿ ಮನೆಯಲ್ಲಿ ಮಡಿಸಿಟ್ಟಿತ್ತು, ದರ್ಜಿ ಖರ್ಚೂ ಉಳಿಯಿತು. 13 ರೂಪಾಯಿ ಕಟ್ಟದವರ ಕೈಗೆ ಸಾಮ್ರಾಜ್ಯದ ಗಲ್ಲಾಪೆಟ್ಟಿಗೆ. 1925ರಲ್ಲಿ ಪೌಂಡನ್ನು ಯುದ್ಧಕ್ಕೆ ಮುಂಚಿನ ಬೆಲೆಗೇ ಚಿನ್ನಕ್ಕೆ ಕಟ್ಟಿದರು. ಪೌಂಡ್ ತುಟ್ಟಿಯಾಗಿ ಬ್ರಿಟನ್ನಿನ ಕಲ್ಲಿದ್ದಲು ಹೊರಗಿನವರಿಗೆ ದುಬಾರಿ ಆಯ್ತು, ಗಣಿ ಮಾಲೀಕರು ಕೂಲಿಗೆ ಕತ್ತರಿ ಹಾಕಹೊರಟರು, 1926ರಲ್ಲಿ ದೇಶಾದ್ಯಂತ ಮುಷ್ಕರ. ಆ ಲೆಕ್ಕ ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಲ್ಲ.

ಇದನ್ನೆಲ್ಲ ಮೊನ್ನೆ ಅಂಗಡಿಯವರಿಗೆ ವಿವರವಾಗಿ ಹೇಳಿದೆ. ಅವರು ಸಕ್ಕರೆ ಕಟ್ಟುತ್ತಲೇ ಪೂರ್ತಿ ಕೇಳಿಸಿಕೊಂಡರು. ‘ಆಯ್ತು ಸಾರ್, ನೀವೂ ಪ್ರಧಾನಿ ಆಗಿ ಬನ್ನಿ, ಗಾಜು ನಾನೇ ಹಾಕಿಸ್ತೀನಿ. ಈಗ ಸಕ್ಕರೆದೂ ಸೇರಿ 285 ಕೊಡಿ.’