ಗೇಟಿನ ಮುಂದೆ ಕಾಯಿಸುವುದಕ್ಕೆ ರೆಸ್ಟ್ ಅಂತ ಹೆಸರಿಡಬೇಡಿ

ಇವತ್ತು ಬೆಳಗ್ಗೆ ಕಂಡದ್ದನ್ನು ಬರೆಯದೆ ಹೋದರೆ ನನಗೆ ಸಮಾಧಾನ ಆಗುವುದಿಲ್ಲ.

ಒಂದು ಗೋಡೌನಿನ ಗೇಟಿನ ಮುಂದೆ ಲಾರಿಗಳ ಸಾಲು. ನಾಲ್ಕನೇ ಲಾರಿಯ ಡ್ರೈವರ್ ಸ್ಟೇರಿಂಗಿನ ಮೇಲೆ ತೋಳಿಟ್ಟು, ತೋಳಿನ ಮೇಲೆ ಹಣೆ ಇಟ್ಟು ಮಲಗಿದ್ದರು. ರಾತ್ರಿಯೆಲ್ಲ ಓಡಿಸಿಕೊಂಡು ಬಂದವರು. ಸೆಕ್ಯುರಿಟಿಯವರು ಬಂದು ಬಾಗಿಲು ಬಡಿದು, "ಅಣ್ಣಾ, ಗಾಡಿ ಸ್ವಲ್ಪ ಮುಂದೆ ತಗೊಳ್ಳಿ" ಅಂದರು. ಗಾಬರಿಯಿಂದ ಎದ್ದರು. ಒಂದು ಲಾರಿಯಷ್ಟು ಜಾಗ ಮುಂದೆ ಹೋಗಿ, ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ತಲೆ ಇಟ್ಟರು. ಇಪ್ಪತ್ತು ನಿಮಿಷಕ್ಕೆ ಮತ್ತೆ ಬಡಿತ. ನಾನು ಅಲ್ಲಿದ್ದಷ್ಟು ಹೊತ್ತಿನಲ್ಲಿ ಮೂರು ಸಲ ಎಬ್ಬಿಸಿದರು.

ತಡೆಯಲಾಗದೆ ಒಳಗೆ ಹೋಗಿ ಸೂಪರ್‌ವೈಸರ್‌ಗೆ ಹೇಳಿದೆ. "ಮೂರು ಗಂಟೆಯಿಂದ ಸುಮ್ನೆ ಕೂತಿದ್ದಾರಲ್ಲ ಸಾರ್, ರೆಸ್ಟ್ ಆಯ್ತಲ್ವಾ?" ಅಂದರು. ಅವರು ಕೆಟ್ಟವರೇನಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದಾರೆ. ಅದಕ್ಕೇ ನನಗೆ ಸಂಕಟ ಜಾಸ್ತಿ ಆಯಿತು.

ಕಾಯುವುದು ರೆಸ್ಟ್ ಅಲ್ಲ. ಯಾವಾಗ ಕರೆಯುತ್ತಾರೋ ಅಂತ ಕಿವಿ ತೆರೆದುಕೊಂಡು ಮಲಗಿದವನಿಗೆ ನಿದ್ದೆ ಎಲ್ಲಿಂದ ಬರಬೇಕು?

ಯುರೋಪಿನ ಒಕ್ಕೂಟದ ಕಾನೂನಿನಲ್ಲಿ ಇದು ಸ್ಪಷ್ಟವಾಗಿದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬ್ರೇಕ್. ಆ ಹೊತ್ತಿನಲ್ಲಿ ಡ್ರೈವಿಂಗ್ ಮಾತ್ರ ಅಲ್ಲ, ಬೇರೆ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ. ಸುಧಾರಿಸಿಕೊಳ್ಳುವುದಕ್ಕೆ ಮಾತ್ರ ಆ ಸಮಯ. ಅಮೆರಿಕದಲ್ಲಿ 8 ಗಂಟೆ ಓಡಿಸಿದ ಮೇಲೆ 30 ನಿಮಿಷ. ಆದರೆ 2020ರಲ್ಲಿ ಅದನ್ನು ಸಡಿಲ ಮಾಡಿದರು. ಈಗ ಡ್ಯೂಟಿಯಲ್ಲೇ ಇದ್ದು ಗಾಡಿ ಓಡಿಸದೆ ಅರ್ಧ ಗಂಟೆ ಕಳೆದರೂ ಸಾಕು, ಲೋಡು ಇಳಿಸುವುದನ್ನು ನಿಂತು ನೋಡಿದರೂ ಬ್ರೇಕ್ ಆಯಿತು ಅಂತಲೇ ಲೆಕ್ಕ. ಇದು ತಪ್ಪು ಅಂತ ಅವತ್ತೂ ಅನ್ನಿಸಿತ್ತು, ಇವತ್ತು ಇನ್ನೂ ಗಟ್ಟಿಯಾಗಿ ಅನ್ನಿಸುತ್ತಿದೆ.

ಭಾರತದಲ್ಲಿ 1961ರಿಂದ 2025ರವರೆಗೆ ಲಾರಿ, ಬಸ್ಸಿನ ಕೆಲಸಗಾರರಿಗೆಂದೇ ಒಂದು ಕಾಯ್ದೆ ಇತ್ತು. ದಿನಕ್ಕೆ 8 ಗಂಟೆ ಕೆಲಸ, ಸತತ 5 ಗಂಟೆ ದಾಟುವ ಮೊದಲು ಅರ್ಧ ಗಂಟೆಯಾದರೂ ಬಿಡುವು. ಆದರೆ ಆ ಕಾಯ್ದೆ ಬರೆದದ್ದೇ ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆಗಳಿಗೆ. ಸ್ವಂತದ್ದು ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವವನ ಬಿಡುವನ್ನು ಯಾರು ಕೇಳಬೇಕು?

"ಡ್ರೈವರ್‌ಗಳಿಗೇ ರೆಸ್ಟ್ ಬೇಡ, ಅವರಿಗೆ ಟ್ರಿಪ್ ಬೇಕು" ಅನ್ನುತ್ತಾರೆ. ನಾನೂ ಈ ಮಾತು ಕೇಳಿದ್ದೇನೆ, ಡ್ರೈವರ್‌ಗಳ ಬಾಯಿಂದಲೇ ಕೇಳಿದ್ದೇನೆ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಇನ್ನೇನು ಹೇಳುತ್ತಾರೆ? ನಿಂತ ಗಂಟೆಗೆ ಒಂದು ಕಾಸೂ ಇಲ್ಲ ಅಂದಮೇಲೆ ಗೇಟಿನಲ್ಲಿ ಕಳೆದ ಸಮಯವನ್ನು ರಸ್ತೆಯಲ್ಲೇ ಹಿಡಿಯಬೇಕು. ಅದನ್ನು ಅವರ ಆಸೆ ಅನ್ನಬೇಡಿ.

ನಾನು ಕೆಲವು ವರ್ಷ ಲಾರಿಗಳನ್ನು ಕಳಿಸುವ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇದ್ದೆ. ಒಂದು ವಿಷಯ ಮಾತ್ರ ಯಾರಿಗೂ ಹೇಳಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಒಬ್ಬ ಡ್ರೈವರ್, "ಕಣ್ಣು ಎಳೀತಿದೆ ಸಾರ್, ಸೈಡಿಗೆ ಹಾಕಿದೀನಿ" ಅಂತ ಹೇಳಿ ಫೋನ್ ಇಟ್ಟರು. ಸರಕಿನ ಪಾರ್ಟಿಯವರು ಗಾಡಿ ಎಲ್ಲಿ ಅಂತ ನನ್ನನ್ನು ಕೇಳುತ್ತಿದ್ದರು, ನಾನು ಆ ಡ್ರೈವರನ್ನು ಕೇಳಿದೆ. ನಾಲ್ಕು ಸಲ ಫೋನ್ ಮಾಡಿದೆ. ಐದನೆಯದು ಮಾಡುವ ಮೊದಲೇ ಅವರು ಹೊರಟಿದ್ದರು. ಏನೂ ಆಗಲಿಲ್ಲ, ಲೋಡು ಸರಿಯಾಗಿ ತಲುಪಿತು. ಆದರೂ ಆ ನಾಲ್ಕು ಫೋನು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. 80ರ ವೇಗದಲ್ಲಿ ಲಾರಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್. ಆ ರಾತ್ರಿ ಎಷ್ಟು ಸಲ ಹಾಗೆ ಆಯಿತೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನಿಯಮವನ್ನು ಡ್ರೈವರ್ ತಲೆಗೆ ಮಾತ್ರ ಕಟ್ಟಬೇಡಿ. ಯುರೋಪಿನಲ್ಲಿ ಸರಕು ಕಳಿಸುವವರೂ ಒಪ್ಪಂದದ ಸಮಯ ಈ ನಿಯಮಕ್ಕೆ ಹೊಂದುವಂತೆ ನೋಡಿಕೊಳ್ಳಬೇಕು. ಫೋನ್ ಮಾಡಿ ಎಬ್ಬಿಸುವವರಿಗೂ, ಗೇಟಿನಲ್ಲಿ ಕಾಯಿಸುವವರಿಗೂ ಜವಾಬ್ದಾರಿ ಇರಬೇಕು ಅಲ್ವಾ?

ಆ ಸೂಪರ್‌ವೈಸರ್‌ಗೆ ಒಂದೇ ಮಾತು ಹೇಳಿ ಬಂದೆ. ಬಂದ ಲಾರಿಗೆಲ್ಲ ಟೋಕನ್ ಕೊಡಿ, ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿ ಮಲಗಲಿ, ಸರದಿ ಬಂದಾಗ ಒಂದು ಸಲ ಎಬ್ಬಿಸಿ. ಖರ್ಚೇನೂ ಇಲ್ಲ. "ನೋಡೋಣ ಸಾರ್" ಅಂದರು. ಗುರುವಾರ ಮತ್ತೆ ಆ ಕಡೆ ಹೋಗುವುದಿದೆ. ಹೋಗಿ ಮತ್ತೆ ಕೇಳುತ್ತೇನೆ.