ಕಾಕಾ ಬಂದರು, ಕಾಗೆ ಬರಲಿಲ್ಲ

ಮಹಾಲಯ ಅಮಾವಾಸ್ಯೆಯ ದಿನ ಬಾಗಲಕೋಟೆ ನವನಗರದ ನಮ್ಮ ಮಾಳಿಗೆಯ ಮೇಲೆ ಬಾಳೆಎಲೆಯಲ್ಲಿ ಅನ್ನದ ಉಂಡೆ, ವಡೆ, ಅರ್ಧ ಹೋಳಿಗೆ ಇಟ್ಟು ಮುಕ್ಕಾಲು ಗಂಟೆ ‘ಕಾ ಕಾ’ ಎಂದು ಕೂಗಿದೆ. ಕಾಗೆ ಬರಲಿಲ್ಲ. ಕೆಳಗಿನ ಮನೆಯ ಕಾಕಾ ಮೆಟ್ಟಿಲು ಹತ್ತಿ ಬಂದು, ‘ಯಾಕಪ್ಪಾ, ಕರೆದೆಯಾ?’ ಎಂದರು. ವಡೆಯನ್ನು ಅವರು ನೋಡಿದ ರೀತಿ ಕಂಡು, ಹಿರಿಯರು ಯಾವ ರೂಪದಲ್ಲಿ ಬರುತ್ತಾರೋ ಬಲ್ಲವರಾರು ಎಂದುಕೊಂಡೆ.

ಇಲ್ಲಿ ನನಗೆ ಒಂದು ಕಾಗೆಗೂ ಗತಿಯಿಲ್ಲ. ಅಲ್ಲಿ ಕೆನ್ಯಾದವರು ಹತ್ತು ಲಕ್ಷ ಕಾಗೆಗಳನ್ನು ಮುಗಿಸುವುದಾಗಿ 2024ರಲ್ಲಿ ಸಾರಿದರು. ಎಲ್ಲವೂ ಬೂದುಗೊರಳಿನ ನಮ್ಮ ಊರಕಾಗೆಗಳೇ! 19ನೇ ಶತಮಾನದ ಕೊನೆಗೆ ಅಲ್ಲೇ ಹತ್ತಿರದ ಜಾಂಜಿಬಾರ್ ದ್ವೀಪದ ಕಸ ತಿನ್ನಲೆಂದು ಬ್ರಿಟಿಷ್ ದೊರೆಗಳು ತರಿಸಿಕೊಂಡವುಗಳ ಸಂತಾನ. ಎಂಥ ದೂರದೃಷ್ಟಿ! ಪೊರಕೆ ಬೇಡ, ಬಂಡಿ ಬೇಡ, ಹಡಗಿನ ತುಂಬ ಹಕ್ಕಿ ಸಾಕು. ನಮ್ಮ ಕಡೆಯ ಗುತ್ತಿಗೆದಾರರ ಕಿವಿಗೆ ಇದು ಬೀಳದಿರಲಿ. ಕಸ ಮುಗಿಯುವ ಲಕ್ಷಣ ಕಾಣದ ಕಾಗೆ ಸಂಸಾರ ಬೆಳೆಸಿತು, ಬಾಯಿರುಚಿಗೆ ಅಲ್ಲಿನ ಗೀಜಗಗಳ ಮೊಟ್ಟೆ ಮರಿಗೂ ಕೊಕ್ಕು ಚಾಚಿತು.

ಹೆಮ್ಮೆಯ ಸಂಗತಿ ಇನ್ನೊಂದಿದೆ. ಹೊರಗಿನಿಂದ ಬಂದು ನೆಲೆಯೂರಿ ಹಾನಿ ಮಾಡುವ, ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳದೊಂದು ಪಟ್ಟಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಬಳಿ ಇದೆ. ಅದರಲ್ಲಿ ಹಕ್ಕಿಗಳು ಮೂರೇ. ಎರಡು ನಮ್ಮವು: ಗೊರವಂಕ ಮತ್ತು ಪಿಕಳಾರ. ಒಲಿಂಪಿಕ್ಸ್‌ನಲ್ಲಿ ನಮಗೆ ಈ ಲೆಕ್ಕದಲ್ಲಿ ಪದಕ ಬಂದದ್ದುಂಟೇ? ಹಿತ್ತಲಿನ ನುಗ್ಗೆ ಗಿಡದಲ್ಲಿ ಬಾಲದ ಬುಡದ ಕೆಂಪು ತೋರಿಸುತ್ತ ಕೂರುವ ಪಿಕಳಾರನನ್ನು ಅಂದಿನಿಂದ ಬಹುವಚನದಲ್ಲೇ ಮಾತನಾಡಿಸುತ್ತೇನೆ. ಗೊರವಂಕವನ್ನು 1862ರಲ್ಲಿ ಮೆಲ್ಬರ್ನ್‌ಗೆ ಒಯ್ದದ್ದೂ ತೋಟದ ಹುಳ ತಿನ್ನಲೆಂದೇ. ಈಗ ಅದು ಅಲ್ಲಿನ ಗಿಳಿಗಳ ಪೊಟರೆ ಕಿತ್ತುಕೊಳ್ಳುತ್ತಿದೆ. ನಾವೇನು ಕಡಿಮೆ? ಅಮೆರಿಕ ಖಂಡದಿಂದ ಬಂದ ಮುಳ್ಳುಗಿಡಕ್ಕೆ ಬಳ್ಳಾರಿ ಜಾಲಿ ಎಂದು ಹೆಸರಿಟ್ಟು ವಾಸಸ್ಥಳ ಪ್ರಮಾಣಪತ್ರವನ್ನೇ ಕೊಟ್ಟವರು.

ನಗು ಸಾಕು. ಕಾಗೆ ಟಿಕೆಟ್ ಕೊಂಡು ಹೋಗಿರಲಿಲ್ಲ. ಗೂಡು ಬರಿದಾದ ಗೀಜಗ ಯಾರಿಗೂ ಏನೂ ಮಾಡಿರಲಿಲ್ಲ. ತಂದವರು ಹಡಗು ಹತ್ತಿ ಹೋದರು, ಕಸ ಅಲ್ಲೇ ಉಳಿಯಿತು, ವಿಷ ಮಾತ್ರ ಹಕ್ಕಿಗೆ. ಆಲಮಟ್ಟಿಯ ಹಿನ್ನೀರು ಬಂತೆಂದು ಹಳೆಯ ಊರಿನಿಂದ ಇಲ್ಲಿಗೆ ಎತ್ತಂಗಡಿಯಾದವರು ನಾವು. ನಮ್ಮನ್ನೂ ಯಾರೂ ಕೇಳಿರಲಿಲ್ಲ.

ಸಂಜೆ ಎಲೆ ತೆಗೆಯಲು ಹೋದೆ. ಎರಡು ಗೊರವಂಕಗಳು ಹೋಳಿಗೆಯನ್ನು ಎಳೆದಾಡುತ್ತಿದ್ದವು. ಉಂಡೆ ಇಟ್ಟಲ್ಲೇ ಇತ್ತು. ವಡೆ ಇರಲಿಲ್ಲ.