"ಆಫ್ರಿಕಾದಲ್ಲಿ ಏನಿದೆ ಇತಿಹಾಸ?" ಅನ್ನುವವರಿಗೆ

ಇವತ್ತು ಒಂದು ವಿಚಾರ ಸಂಕಿರಣದಲ್ಲಿ ಎಂಎ ಹುಡುಗಿಯೊಬ್ಬಳು ಆಫ್ರಿಕಾದ ಇತಿಹಾಸದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದೆ ಅಂದಳು. ವೇದಿಕೆ ಮೇಲಿದ್ದ ಹಿರಿಯರು, "ಅಲ್ಲಿ ಏನಿದೆಯಮ್ಮಾ ಇತಿಹಾಸ? ದಾಖಲೆ ಎಲ್ಲಿದೆ?" ಅಂದುಬಿಟ್ಟರು. ಮೈಯೆಲ್ಲ ಉರಿದುಹೋಯಿತು. ಇತಿಹಾಸ ಪಾಠ ಮಾಡಿದವರೇ ಹೀಗಂದರೆ ಹೇಗೆ?

ನಾನು ಕೆನೆತ್ ಡೀಕೆಯವರ ಬಗ್ಗೆ ಮಾತಾಡದ ದಿನ ಕಡಿಮೆ, ನಿಮಗೆ ಗೊತ್ತು. ನೈಜೀರಿಯಾದ ಇತಿಹಾಸಕಾರರು. 1950ರಲ್ಲಿ ಲಂಡನ್ನಿನಲ್ಲಿ ಪಿಎಚ್‌ಡಿ ಮುಗಿಸಿದರು. ನೈಜರ್ ನದಿ ಸಮುದ್ರ ಸೇರುವ ಕಡೆ 19ನೇ ಶತಮಾನದಲ್ಲಿ ನಡೆದ ವ್ಯಾಪಾರ, ರಾಜಕೀಯ ಅವರ ವಿಷಯ. ಬ್ರಿಟಿಷರ ಕಡತ ಓದಿದರು. ಅಷ್ಟಕ್ಕೇ ಬಿಡದೆ ಅಲ್ಲಿನ ಜನರ ಬಾಯಿಂದಲೂ ಕೇಳಿದರು. ಅಲ್ಲಿನ ಬಾನಿ ಅನ್ನುವ ಬಂದರು ರಾಜ್ಯದ ಜಾಜಾನನ್ನೇ ನೋಡಿ. ಗುಲಾಮನಾಗಿ ಬಂದವನು ದೊಡ್ಡ ವ್ಯಾಪಾರಿ ಮನೆತನದ ಯಜಮಾನನಾದ. ಜಗಳವಾದಾಗ ತನ್ನವರನ್ನು ಕಟ್ಟಿಕೊಂಡು ಹೊರಟು ಒಪೋಬೋ ಅನ್ನುವ ಬೇರೆ ರಾಜ್ಯವನ್ನೇ ಕಟ್ಟಿದ. ತಾಳೆಎಣ್ಣೆ ವ್ಯಾಪಾರ ಕೈಗೆ ತಗೊಂಡ. ಇದು ಇತಿಹಾಸ ಅಲ್ವಾ?

ಡೀಕೆಯವರ ಪುಸ್ತಕ 1956ರಲ್ಲಿ ಬಂತು. ಅಚ್ಚಾದದ್ದು ಆಕ್ಸ್‌ಫರ್ಡ್‌ನಲ್ಲಿ. 1963ರಲ್ಲಿ ಅದೇ ಆಕ್ಸ್‌ಫರ್ಡ್‌ನ ಇತಿಹಾಸ ಪ್ರೊಫೆಸರ್ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಇರೋದು ಯುರೋಪಿನವರ ಇತಿಹಾಸ ಮಾತ್ರ, ಮಿಕ್ಕಿದ್ದೆಲ್ಲ ಕತ್ತಲೆ ಅಂದರು. ಆ ಪುಸ್ತಕ ಬಂದ ಏಳು ವರ್ಷದ ಮೇಲೆ!

ನನ್ನ ಹೊಟ್ಟೆಯುರಿ ಇದೇ. ಬೇರೆಯವರು ನೇರವಾಗಿ ಕೆಲಸ ಶುರು ಮಾಡಬಹುದು. ಆಫ್ರಿಕಾದ ಇತಿಹಾಸಕಾರ ಮಾತ್ರ ಮೊದಲು ಇತಿಹಾಸ ಇದೆ ಅಂತ ಸಾಧಿಸಿ ತೋರಿಸಬೇಕು. ಡೀಕೆಯವರು ದೇಶದ ಹಳೇ ಕಡತಗಳೆಲ್ಲ ಎಲ್ಲೆಲ್ಲಿವೆ ಅಂತ ಹುಡುಕಿಸಿ ನೈಜೀರಿಯಾಕ್ಕೆ ರಾಷ್ಟ್ರೀಯ ಪತ್ರಾಗಾರ ಕಟ್ಟಿಕೊಟ್ಟರು. ಇಬಾದನ್ ವಿಶ್ವವಿದ್ಯಾಲಯ ನಡೆಸಿದರು. 1966ರ ಗಲಭೆಯ ಕಾಲದಲ್ಲಿ ಅದನ್ನೂ ಬಿಟ್ಟು ಹೊರಡಬೇಕಾಯಿತು. ಬರೆಯುವ ವಯಸ್ಸೆಲ್ಲ ಇದರಲ್ಲೇ ಹೋಯಿತಲ್ಲ ಅಂತ ನನಗೆ ಸಂಕಟ.

ಬಾಯಿಮಾತು ನಂಬೋದು ಹೇಗೆ, ಹೇಳುವವರು ತಮಗೆ ಬೇಕಾದಂತೆ ತಿರುಚುತ್ತಾರೆ ಅಂತೀರಾ? ತಿರುಚುತ್ತಾರೆ. ಶಾಸನ ಕೆತ್ತಿಸಿದ ರಾಜರು ತಮ್ಮ ಸೋಲನ್ನು ಕೆತ್ತಿಸಿದರಾ? ಎರಡನ್ನೂ ಒರೆಗೆ ಹಚ್ಚಬೇಕು. ಬೆಲ್ಜಿಯಂನ ಇತಿಹಾಸಕಾರ ಯಾನ್ ವಾನ್ಸಿನಾ ಕಾಂಗೋದ ಕೂಬಾ ಜನರ ನಡುವೆ ಕೂತು ಅದನ್ನೇ ಮಾಡಿದರು. ಇನ್ನು ಬರವಣಿಗೆಯೇ ಬೇಕು ಅನ್ನುವವರಿಗೆ ಮಾಲಿ ದೇಶದ ಟಿಂಬಕ್ಟು ಊರಿನ ಹಸ್ತಪ್ರತಿಗಳಿವೆ, ಇಥಿಯೋಪಿಯಾದ ಹಳೇ ಭಾಷೆ ಗೀಜ್‌ನ ಗ್ರಂಥಗಳಿವೆ.

ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗೋವೆಗೆ ಹಡಗಿನಲ್ಲಿ ತಂದರು ಅಂತ ಬರೆದು ನಾವು ಸುಮ್ನಾಗುತ್ತೇವೆ. ಹಡಗು ಹತ್ತುವ ಮೊದಲು ಅವರು ಯಾವ ಊರಿನವರು, ಯಾವ ಅರಸನ ಕೆಳಗಿದ್ದವರು, ಹಿಡಿದು ಮಾರಿದವರು ಯಾರು? ಇದನ್ನು ಹುಡುಕಲು ಹೊರಟ ಹುಡುಗಿಗೆ "ಅಲ್ಲಿ ಏನಿದೆ" ಅನ್ನುವ ಹಕ್ಕು ನಮಗೆ ಯಾರು ಕೊಟ್ಟರು?